ಮೀಟರ್ ಗೇಜಿನ ಬೇಲಿಕಂಬಗಳು

ಹಳೇ ರೈಲ್ವೆಯ ಫೋಟೊ ತೆಗೆಯೋಕೆ ಹೋಗ್ತಿದ್ದೀನಿ ಅಂದರೆ ಜನ ಹೊಗೆ ಉಗುಳುವ ಎಂಜಿನ್ ನೆನೆಸಿಕೊಳ್ಳುತ್ತಾರೆ. ಮೈಸೂರು, ಮಂಡ್ಯ ಕಡೆ ಅಂಥ ಎಂಜಿನ್ ಈಗ ಓಡುವುದಿಲ್ಲ, ಉಳಿದಿರುವುದು ನೋಡೋಕೆ ಮಾತ್ರ. ಹಾಗಂತ ಮೀಟರ್ ಗೇಜ್, ಅಂದರೆ ಆಗಿನ ಕಿರಿದಾದ ಹಳಿ ದಾರಿ, ಪೂರ್ತಿ ಹೋಗಿಬಿಟ್ಟಿದೆ ಅಂದುಕೊಳ್ಳಬೇಡಿ. ಅಗಲದ ಹಳಿ ಹಾಕೋಕೆ ಹಳೇ ಹಳಿ ಕಿತ್ತರು, ಸರಿ. ಕಿತ್ತ ಹಳಿ ಎಲ್ಲಿಗೆ ಹೋಯಿತು? ಒಂದಷ್ಟು ಗುಜರಿಗೆ, ಒಂದಷ್ಟು ನಿಲ್ದಾಣದ ಬೇಲಿಗೆ, ಪ್ಲಾಟ್‌ಫಾರ್ಮಿನ ಚಾವಣಿ ಕಂಬಕ್ಕೆ, ರೈಲ್ವೆ ಗೇಟಿನ ಪಕ್ಕದ ಗೂಟಕ್ಕೆ, ಇನ್ನೊಂದಷ್ಟು ಯಾರದೋ ತೆಂಗಿನ ತೋಟದ ಮೂಲೆಗೆ. ನಾನು ಹುಡುಕಿಕೊಂಡು ಹೊರಟಿದ್ದು ಇವನ್ನೇ. ಹಳಿಯ ಸೊಂಟದ ಮೇಲೆ ಉಬ್ಬು ಅಕ್ಷರ ಇರುತ್ತೆ, ನೋಡಿದ್ದೀರಾ? ಕಾರ್ಖಾನೆಯ ಹೆಸರು, ವರ್ಷ, ಕೆಲವು ಸಲ ತಿಂಗಳು, ಒಂದು ಗಜಕ್ಕೆ ಎಷ್ಟು ಪೌಂಡ್ ತೂಕ ಅನ್ನೋದು. ಅಂದಮೇಲೆ ಒಂದೊಂದು ಬೇಲಿಕಂಬವೂ ಒಂದೊಂದು ದಾಖಲೆ. ಎಂಜಿನ್ ಫೋಟೊ ಸಾವಿರ ಜನ ತೆಗೆದಿದ್ದಾರೆ, ಕಂಬದ್ದು ಯಾರೂ ತೆಗೆದಿಲ್ಲ.

ಜೊತೆಗೆ ಭಾವ ಬಂದಿದ್ದರು. ಅವರು ಮೇಷ್ಟ್ರು. ರೈಲಿನ ಬಗ್ಗೆ ಅಂಥ ಪ್ರೀತಿಯೇನಿಲ್ಲ, ಆದರೆ ಸ್ಕೂಟರ್ ಅವರದ್ದು, ಮತ್ತೆ ಯಾವ ಊರಲ್ಲಿ ಯಾವ ಹೋಟೆಲ್ ಅನ್ನೋದು ಅವರಿಗೆ ಬಾಯಿಪಾಠ.

ಗುರುವಾರ, ಮೈಸೂರು

ಮೊದಲು ರೈಲ್ವೆ ಮ್ಯೂಸಿಯಂ. ಕೆಆರ್‌ಎಸ್ ರಸ್ತೆಯಲ್ಲಿ, ಸಿಎಫ್‌ಟಿಆರ್‌ಐ ಅನ್ನೋ ಆಹಾರ ಸಂಶೋಧನಾ ಸಂಸ್ಥೆ ಎದುರಿಗೆ. 1979ರಲ್ಲಿ ಶುರುವಾಗಿದ್ದು, ದಿಲ್ಲಿಯದ್ದು ಬಿಟ್ಟರೆ ದೇಶದಲ್ಲಿ ಆಮೇಲೆ ಬಂದದ್ದು ಇದೇ. ಇಲ್ಲಿ ಎಲ್ಲರೂ ನೋಡೋದು 1899ರ ಮಹಾರಾಣಿ ಸಲೂನ್ ಬೋಗಿ. ಅಡುಗೆಮನೆ, ಊಟದ ಜಾಗ, ಶೌಚಾಲಯ ಎಲ್ಲ ಒಂದೇ ಬೋಗಿಯಲ್ಲಿ. ಭಾವ ಅಡುಗೆಮನೆ ಹತ್ತಿರ ಜಾಸ್ತಿ ಹೊತ್ತು ನಿಂತರು. ನನಗೆ ಅದಕ್ಕಿಂತ ಇಷ್ಟವಾಗೋದು 1925ರ ಆಸ್ಟಿನ್ ಕಾರು. ರಸ್ತೆ ಮೇಲೆ ಓಡಿ, ಗುಜರಿಗೆ ಹೋಗಿ, ಆಮೇಲೆ ರೈಲ್ವೆ ನೌಕರರೊಬ್ಬರ ಕೈಗೆ ಸಿಕ್ಕು ಹಳಿ ಮೇಲೆ ಓಡೋ ಗಾಡಿಯಾದದ್ದು. ಹಳೇ ಸಾಮಾನನ್ನ ಬಿಸಾಡದೆ ಇನ್ನೊಂದಕ್ಕೆ ಹಾಕೋ ಬುದ್ಧಿ ನಮ್ಮ ರೈಲ್ವೆಯಲ್ಲಿ ಇವತ್ತಿನದ್ದಲ್ಲ.

ನಾನು ಇಲ್ಲಿಗೆ ಬಂದದ್ದು ಕಣ್ಣಿಗೆ ಅಭ್ಯಾಸವಾಗಲಿ ಅಂತ. ಮೀಟರ್ ಗೇಜ್ ಅಂದರೆ ಎರಡು ಹಳಿ ನಡುವೆ 1000 ಮಿಲಿಮೀಟರ್, ಈಗಿನ ಬ್ರಾಡ್ ಗೇಜ್ 1676. ಕಾಗದದ ಮೇಲೆ ಓದಿದರೆ ಏನೂ ಅನಿಸಲ್ಲ. ಆ ಹಳಿ ಪಕ್ಕ ನಿಂತು ನೋಡಿದರೆ ಮಾತ್ರ, ಅಯ್ಯೋ ಇಷ್ಟು ಕಿರಿದಾದ ದಾರಿ ಮೇಲೆ ಬೆಂಗಳೂರಿಗೆ ಹೋಗಿ ಬರ್ತಿದ್ರಾ ಅನಿಸುತ್ತೆ. ಹಳಿಯ ದಪ್ಪವೂ ಅಷ್ಟೇ. ಹಳೇ ಮೀಟರ್ ಗೇಜ್ ಹಳಿ ತಲೆ ಚಿಕ್ಕದು, ಎತ್ತರ ಕಡಿಮೆ. ಇದು ಕಣ್ಣಲ್ಲಿ ಕೂತರೆ ಆಮೇಲೆ ಯಾವ ಬೇಲಿ ನೋಡಿದರೂ ಇದು ಅದೇ, ಇದು ಅಲ್ಲ ಅಂತ ದೂರದಿಂದಲೇ ಹೇಳಬಹುದು.

ಒಂದು ಮಾತು ಹೇಳಿಬಿಡ್ತೀನಿ. ನಮ್ಮಲ್ಲಿ ಹಳೇ ಯಂತ್ರ ನಿಲ್ಲಿಸಿದ ಕಡೆಯೆಲ್ಲ ವರ್ಷ ವರ್ಷ ಬಣ್ಣ ಬಳಿಯುತ್ತಾರೆ. ಪ್ರೀತಿಯಿಂದಲೇ ಬಳಿಯೋದು, ಅದರಲ್ಲಿ ಅನುಮಾನ ಇಲ್ಲ. ಆದರೆ ಪದರದ ಮೇಲೆ ಪದರ ಬಣ್ಣ ಕೂತು ಉಬ್ಬು ಅಕ್ಷರ ಎಲ್ಲ ಮುಚ್ಚಿಹೋಗುತ್ತೆ. ಎಣ್ಣೆ ಸವರಿ ಬಿಟ್ಟಿದ್ದರೆ ಓದಬಹುದಿತ್ತು. ತುಕ್ಕು ಹಿಡಿದ ಕಂಬವೇ ಎಷ್ಟೋ ಸಲ ಹೆಚ್ಚು ಮಾತಾಡುತ್ತೆ.

ಸಂಜೆ ಚಾಮರಾಜಪುರಂ ನಿಲ್ದಾಣ. ಬಲ್ಲಾಳ್ ಸರ್ಕಲ್ ಕಡೆಯಿಂದ ನಡೆದರೆ ಊರ ನಡುವೆಯೇ ಸಿಗುತ್ತೆ, ಸುತ್ತ ಮನೆಗಳು, ಮರಗಳು, ವಾಕಿಂಗ್ ಬಂದ ಹಿರಿಯರು. ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡು ಒಂದಷ್ಟು ತೆಗೆದೆವು. ಕ್ಯಾಮೆರಾ ಬ್ಯಾಗಿಂದ ಹೊರಗೆ ಬಂದ ಕೂಡಲೇ ಯಾರಾದರೂ ಏನು, ಯಾಕೆ ಅಂತ ಕೇಳೇ ಕೇಳ್ತಾರೆ. ಹಾಗಾಗಿ ನಾನು ಮೊದಲೇ ಸ್ಟೇಷನ್ ಮಾಸ್ಟರ್ ಕೊಠಡಿ ಬಾಗಿಲಲ್ಲಿ ನಿಂತು ನಮಸ್ಕಾರ ಹೇಳಿ ವಿಷಯ ತಿಳಿಸಿಬಿಡ್ತೀನಿ. ಎಂಜಿನ್ ಬೇಡ, ಸಿಗ್ನಲ್ ಕೊಠಡಿ ಬೇಡ, ಈ ಬೇಲಿ ಸಾಕು ಸಾರ್ ಅಂದರೆ ಅವರಿಗೆ ಮೊದಲು ನಗು ಬರುತ್ತೆ, ಆಮೇಲೆ ಸರಿ ತೆಗೀರಿ ಅಂತಾರೆ.

ಶುಕ್ರವಾರ, ನಂಜನಗೂಡು ದಾರಿ

ಬೆಳಗ್ಗೆ ಆರಕ್ಕೇ ಹೊರಟೆವು. ಕಡಕೊಳ ದಾಟಿದ ಮೇಲೆ ರಸ್ತೆ ಬಿಟ್ಟು ಹಳಿ ಕಡೆಗೆ ಹೋಗುವ ಮಣ್ಣು ದಾರಿಯೊಂದರಲ್ಲಿ ಸ್ಕೂಟರ್ ತಿರುಗಿಸಿದೆವು. ಯಾರೂ ಹೇಳಿರಲಿಲ್ಲ, ಸುಮ್ನೆ ತಿರುಗಿಸಿದ್ದು. ಅಲ್ಲಿ ಒಂದು ಬಾಳೆ ತೋಟ. ತೋಟದ ಮುಂದೆ ನಾಲ್ಕೈದು ಕಂಬ, ಎಲ್ಲ ಹಳಿ ತುಂಡು, ತಲೆಕೆಳಗಾಗಿ ನೆಟ್ಟದ್ದು, ಅವಕ್ಕೆ ಮುಳ್ಳುತಂತಿ.

ತೋಟದ ಯಜಮಾನರು ಹಲ್ಲುಜ್ಜುತ್ತಾ ಬಂದರು. “ಏನ್ ಸಾ, ಸರ್ವೇನಾ?” ಅಂದರು. ರೈಲ್ವೆ ದಾರಿ ಪಕ್ಕ ಯಾರು ಬಗ್ಗಿ ನೋಡಿದರೂ ಜಮೀನು ಹೋಗುತ್ತೇನೋ ಅನ್ನೋ ಭಯ, ತಪ್ಪೇನಿಲ್ಲ. ಇಲ್ಲ ಯಜಮಾನ್ರೇ, ನಿಮ್ಮ ಕಂಬದ ಫೋಟೊ ಹಿಡೀಬೇಕು ಅಂದೆ. ಅವರು ಭಾವನ ಮುಖ ನೋಡಿದರು, ಇವನು ಸರಿ ಇದ್ದಾನಾ ಅನ್ನೋ ಥರ. ಭಾವ “ಹೂಂ, ಇವನು ಹಂಗೇ” ಅಂದುಬಿಟ್ಟರು.

“ನಮ್ಮಪ್ಪ ತಂದಿದ್ದು ಕಣಪ್ಪ, ತೂಕದ ಲೆಕ್ಕದಲ್ಲಿ. ಕಲ್ಲುಕಂಬ ಮುರೀತದೆ, ಇದು ಮುರಿಯಾಕಿಲ್ಲ” ಅಂತ ಅವರು ಒಂದು ಕಂಬಕ್ಕೆ ಕುಡಗೋಲಿನ ಹಿಂಬದಿಯಿಂದ ತಟ್ಟಿದರು. ಠಣ್ ಅಂತು. ನಿಲ್ದಾಣಗಳಲ್ಲಿ ಹಿಂದೆ ಹಳಿ ತುಂಡನ್ನೇ ತೂಗುಹಾಕಿ ಗಂಟೆ ಮಾಡಿಕೊಂಡಿದ್ದು ಯಾಕೆ ಅಂತ ಆ ಶಬ್ದ ಕೇಳಿದರೆ ಗೊತ್ತಾಗುತ್ತೆ.

ಈಗ ಅಕ್ಷರ ಓದೋ ಕೆಲಸ. ಬರೀ ಕಣ್ಣಿಗೆ ಏನೂ ಕಾಣಲ್ಲ, ಕಂದು ಬಣ್ಣದ ಒಂದು ಪಟ್ಟಿ ಅಷ್ಟೇ. ತಂತಿ ಬ್ರಷ್ ಹಾಕಿ ತಿಕ್ಕೋದು, ಸೀಮೆಸುಣ್ಣ ಸವರೋದು ನನಗೆ ಒಪ್ಪಿಗೆ ಇಲ್ಲ. ತಿಕ್ಕಿದರೆ ತುಕ್ಕಿನ ಜೊತೆ ಅಕ್ಷರದ ಅಂಚೂ ಹೋಗುತ್ತೆ. ಬೆಳಕು ಸಾಕು. ಟಾರ್ಚನ್ನ ಹಳಿಯ ಮೈಗೆ ಅಂಟಿಸಿದ ಹಾಗೆ ಇಟ್ಟು ಪಕ್ಕದಿಂದ ಬೆಳಕು ಹಾಯಿಸಿದರೆ ಉಬ್ಬಿದ ಕಡೆಯೆಲ್ಲ ನೆರಳು ಬೀಳುತ್ತೆ. ಬಿಸಿಲು ಜಾಸ್ತಿ ಇದ್ದರೆ ಈ ಆಟ ನಡೆಯಲ್ಲ, ಅದಕ್ಕೇ ಭಾವ ತಮ್ಮ ಟವೆಲ್ ಬಿಚ್ಚಿ ಕಂಬದ ಮೇಲೆ ಮರೆ ಹಿಡಿದರು. ನಾನು ಟಾರ್ಚನ್ನ ಮೇಲಿಂದ ಕೆಳಕ್ಕೆ ನಿಧಾನವಾಗಿ ಜರುಗಿಸುತ್ತಾ ಹೋದೆ. ಮೊದಲು ‘ಸ್ಟೀಲ್’ ಅನ್ನೋ ಇಂಗ್ಲಿಷ್ ಅಕ್ಷರಗಳು ಎದ್ದವು. ಆಮೇಲೆ ಒಂದು ಅಂತರ. ಆಮೇಲೆ 1, 8. ಮುಂದಿನ ಎರಡು ಅಂಕಿ ಮುಳ್ಳುತಂತಿ ಕಟ್ಟೋಕೆ ಕೊರೆದ ತೂತಲ್ಲಿ ಹೋಗಿವೆ. ಯಜಮಾನರೂ ಬಗ್ಗಿ ನೋಡಿದರು. ಹತ್ತೊಂಬತ್ತನೇ ಶತಮಾನದ್ದು ಯಜಮಾನ್ರೇ, ನಿಮ್ಮ ತಾತನ ಕಾಲದ್ದಕ್ಕಿಂತ ಹಿಂದಿನದ್ದು ಅಂದಾಗ ಅವರು ಹೆಂಡತಿಯನ್ನು ಕೂಗಿ ಕರೆದು ತೋರಿಸಿದರು. ಆಯಮ್ಮ ನೋಡಿ “ಮತ್ತೆ ಇನ್ನೇನು, ಬಟ್ಟೆ ಒಣಗಾಕಕ್ಕೆ ಒಂದು ಇಲ್ಲಿ ನೆಡಿಸಿ ಅಂದ್ರೆ ಕೇಳಲ್ಲ” ಅಂದರು.

ಮೈಸೂರಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ಅಲ್ಲಿಂದ ಚಾಮರಾಜನಗರಕ್ಕೆ ಮುಂದುವರಿದದ್ದು 1926ರಲ್ಲಿ. ಆ ಕಂಬ ಈ ದಾರಿಯದ್ದೇ ಅಂತ ಗಟ್ಟಿಯಾಗಿ ಹೇಳೋಕಾಗಲ್ಲ, ಹಳಿ ಒಂದು ಕಡೆ ಹಾಕಿ ಕಿತ್ತು ಇನ್ನೊಂದು ಕಡೆ ಹಾಕೋದು ಇದ್ದದ್ದೇ. ಫೋಟೊ ಪಕ್ಕ ಅದನ್ನೂ ಬರೆದಿಟ್ಟಿದ್ದೀನಿ.

ನಂಜನಗೂಡಿನ ಹಳೇ ಸೇತುವೆಗೆ ಬಂದಾಗ ಎಂಟಾಗಿತ್ತು. ಇದರ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ದಳವಾಯಿ ದೇವರಾಜಯ್ಯನವರ ಕಾಲದಲ್ಲಿ, 1735ರಲ್ಲಿ, ಕಪಿಲೆಯ ಮೇಲೆ ಕಟ್ಟಿದ ಕಲ್ಲಿನ ಸೇತುವೆ. ಆಗ ಜಗತ್ತಿನಲ್ಲಿ ಎಲ್ಲೂ ಆವಿ ಎಂಜಿನ್ನಿನ ರೈಲು ಇರಲಿಲ್ಲ. ಎತ್ತಿನಗಾಡಿ, ಕುದುರೆ, ದಂಡು ದಾಟೋಕೆ ಕಟ್ಟಿದ್ದು. ನೂರೈವತ್ತು ವರ್ಷ ಆದಮೇಲೆ ಅದರ ಮೇಲೆ ಹಳಿ ಹಾಕಿ ರೈಲು ಓಡಿಸಿದರು, ಪಕ್ಕದಲ್ಲೇ ರಸ್ತೆಯೂ ಇತ್ತು, ಸೇತುವೆ ಎರಡನ್ನೂ ಹೊತ್ತುಕೊಂಡು ನಿಂತಿತ್ತು, ನೂರು ವರ್ಷಕ್ಕೂ ಜಾಸ್ತಿ. 2000ದ ದಶಕದ ಕೊನೆಗೆ ಗೇಜ್ ಬದಲಾದಾಗ ರೈಲು ಪಕ್ಕದ ಹೊಸ ಸೇತುವೆಗೆ ಹೋಯಿತು.

ಕಟ್ಟುವಾಗ ಯಾರೂ ಲೆಕ್ಕ ಹಾಕದ ಭಾರವನ್ನ ಅದು ಹೇಗೆ ತಡೆದುಕೊಂಡಿತು? ಕೆಳಗಿಳಿದು ನೋಡಿದರೆ ಅರ್ಥವಾಗುತ್ತೆ. ಕಂಬಗಳು ದಪ್ಪ, ಒಂದರ ಪಕ್ಕ ಒಂದು ತೀರಾ ಹತ್ತಿರ. ನಡುವಿನ ಕಮಾನು ಕಿರಿದು. ಈಗಿನವರಾದರೆ ನದಿ ಪೂರ್ತಿಗೆ ಕೆಲವೇ ಕಂಬ ಹಾಕಿ ಮೇಲೆ ಗರ್ಡರ್, ಅಂದರೆ ಉದ್ದದ ತೊಲೆ, ಕೂರಿಸುತ್ತಿದ್ದರು. ಇಲ್ಲಿ ಹೆಚ್ಚುಕಮ್ಮಿ ಗೋಡೆಯನ್ನೇ ಕಟ್ಟಿ ನೀರು ಹೋಗೋಕೆ ಕಿಂಡಿ ಬಿಟ್ಟ ಹಾಗಿದೆ. ಕಮಾನಿನ ಕಲ್ಲುಗಳು ಭಾರ ಬಿದ್ದಷ್ಟೂ ಒಂದಕ್ಕೊಂದು ಒತ್ತಿಕೊಳ್ಳುತ್ತವೆ, ಬಿಡಿಸಿಕೊಳ್ಳೋದಿಲ್ಲ. ಸಣ್ಣ ಕಮಾನು, ಜಾಸ್ತಿ ಕಂಬ, ಹಗುರವಾದ ಮೀಟರ್ ಗೇಜ್ ಗಾಡಿ. ನಡೆದುಹೋಯಿತು.

ಫೋಟೊಗೆ ಬೆಳಗ್ಗೆ ಒಂದು ಮುಖ ಸಿಗುತ್ತೆ, ಸಂಜೆ ಇನ್ನೊಂದು. ಮಧ್ಯಾಹ್ನ ಕಮಾನಿನ ಒಳಗೆ ಬರೀ ಕಪ್ಪು. ಇಡೀ ಸೇತುವೆಯನ್ನ ಒಂದೇ ಚಿತ್ರದಲ್ಲಿ ಹಿಡಿಯೋ ಆಸೆ ಎಲ್ಲರಿಗೂ ಇರುತ್ತೆ, ನನಗೂ ಇದೆ. ಅಂಥದ್ದು ಒಂದು ತೆಗೆದು ಬದಿಗಿಟ್ಟು, ಆಮೇಲೆ ಕಮಾನು ಕಮಾನಾಗಿ, ನೇರ ಎದುರಿಗೆ ನಿಂತು, ಒಂದೇ ದೂರದಿಂದ ತೆಗೆಯುತ್ತಾ ಹೋದೆ. ನೋಡೋಕೆ ಬೇಸರದ ಚಿತ್ರಗಳು. ಆದರೆ ಹತ್ತು ವರ್ಷ ಬಿಟ್ಟು ಯಾವ ಕಲ್ಲು ಜರುಗಿದೆ, ಎಲ್ಲಿ ಅರಳಿ ಗಿಡದ ಬೇರು ಎಷ್ಟು ಒಳಗೆ ಹೋಗಿದೆ ಅಂತ ನೋಡಬೇಕಾದರೆ ಇವೇ ಬೇಕಾಗೋದು.

ನೀರ ಹತ್ತಿರ ಬಟ್ಟೆ ಒಗೆಯುತ್ತಿದ್ದ ಅಕ್ಕ ಒಬ್ಬರು ತಾವಾಗೇ ಮಾತಾಡಿಸಿದರು. ಚಿಕ್ಕವರಿದ್ದಾಗ ಇದೇ ಸೇತುವೆ ಮೇಲೆ ಗಾಡಿಯಲ್ಲಿ ಬರ್ತಿದ್ದರಂತೆ. “ರೈಲು ಬಂತು ಅಂದ್ರೆ ನಮ್ಮಪ್ಪ ಕೆಳಗೆ ಇಳಿದು ಎತ್ತಿನ ಮೂಗುದಾರ ಹಿಡ್ಕೊಳ್ಳೋರು. ಎತ್ತು ಬೆದರೋವು. ನಾವು ಮಾತ್ರ ಕೈ ಬೀಸೋವು” ಅಂದರು. ಅವರ ಫೋಟೊ ತೆಗೀಲಾ ಅಂದಿದ್ದಕ್ಕೆ ಬೇಡಪ್ಪ, ಸೇತುವೆದು ತೆಗಿ ಅಂದರು. ತೆಗೆಯಲಿಲ್ಲ. ಮಾತು ಬರೆದುಕೊಂಡೆ.

ಶ್ರೀಕಂಠೇಶ್ವರನಿಗೆ ಕೈ ಮುಗಿದು, ರಸಬಾಳೆ ಸಿಗುತ್ತಾ ಅಂತ ಭಾವ ಅಂಗಡಿ ಅಂಗಡಿ ಕೇಳಿ, ಸಿಕ್ಕಿದ್ದು ಅಸಲಿಯೋ ಅಲ್ಲವೋ ಅಂತ ಜಗಳ ಆಡಿ ಮೈಸೂರಿಗೆ ವಾಪಸ್.

ಶನಿವಾರ, ಶ್ರೀರಂಗಪಟ್ಟಣದಿಂದ ಮದ್ದೂರು

ಇದು ಹಳೇ ದಾರಿ. ಬೆಂಗಳೂರಿಂದ ಹಳಿ ಹಾಕುತ್ತಾ ಬಂದು 1882ರಲ್ಲಿ ಮೈಸೂರು ಮುಟ್ಟಿದ್ದು. ಧಾತು ಸಂವತ್ಸರದ ಬರ ಅಂತ ನಮ್ಮ ಅಜ್ಜಿಯರು ಹೇಳ್ತಿದ್ದರಲ್ಲ, 1876ರಿಂದ 78ರ ಆ ಭೀಕರ ಬರ, ಆಗ ಜನರಿಗೆ ಕೂಲಿ ಕೊಡೋಕೆ ಅಂತ ಕೈಗೆತ್ತಿಕೊಂಡ ಕೆಲಸಗಳಲ್ಲಿ ಈ ರೈಲ್ವೆ ದಾರಿಯ ಮಣ್ಣು ಕೆಲಸವೂ ಒಂದು. ಹಸಿದವರು ಹೊತ್ತು ಹಾಕಿದ ಮಣ್ಣಿನ ದಿಬ್ಬ ಅದು. ಈಗ ಜೋಡಿ ಹಳಿ, ಮೇಲೆ ವಿದ್ಯುತ್ ತಂತಿ, 2022ರಿಂದ ವಂದೇ ಭಾರತ್ ಕೂಡ ಅದರ ಮೇಲೇ.

ಶ್ರೀರಂಗಪಟ್ಟಣದಲ್ಲಿ ರೈಲು ಕೋಟೆಯನ್ನ ಸೀಳಿಕೊಂಡೇ ಹೋಗುತ್ತೆ. ನಿಲ್ದಾಣದಿಂದ ರಂಗನಾಥಸ್ವಾಮಿ ದೇವಸ್ಥಾನದ ಗೋಪುರ ಅಲ್ಲೇ ಕಾಣುತ್ತೆ. ಜೋಡಿ ಹಳಿ ಹಾಕುವಾಗ ಟಿಪ್ಪು ಕಾಲದ ಮದ್ದಿನಮನೆಯೊಂದು ಅಡ್ಡ ಬಂತು. ಒಡೆಯಲಿಲ್ಲ, 2017ರಲ್ಲಿ ಕಟ್ಟಡವನ್ನ ಬುಡಸಮೇತ ಎತ್ತಿ, ನೂರು ಮೀಟರಿಗೂ ಆಚೆ ಜರುಗಿಸಿ ಇಟ್ಟರು. ಸುಮಾರು ಸಾವಿರ ಟನ್ ತೂಕದ್ದು. ಎಂಜಿನಿಯರುಗಳ ಕೆಲಸಕ್ಕೆ ಶಹಬ್ಬಾಸ್ ಅನ್ನಲೇಬೇಕು. ಆದರೆ ಮದ್ದಿನಮನೆಯನ್ನ ಎಲ್ಲಿ ಕಟ್ಟಬೇಕು ಅಂತ ಕಟ್ಟಿದವನು ಯೋಚನೆ ಮಾಡಿರ್ತಾನೆ, ಅಲ್ವಾ? ಜಾಗ ಬದಲಾದ ಮೇಲೆ ಆ ಯೋಚನೆ ಓದೋಕಾಗಲ್ಲ. ಅದಕ್ಕೇ ನಾನು ಈಗಿನ ಜಾಗದ ಫೋಟೊ ಜೊತೆ ಅಲ್ಲಿಂದ ಹಳಿ ಕಡೆಗೆ ನೋಡೋ ಹಾಗೆ ಇನ್ನೊಂದು ತೆಗೆದೆ, ಮೊದಲು ಯಾವ ಕಡೆ ಇತ್ತು ಅಂತ ಗೊತ್ತಾಗಲಿ ಅಂತ. ಭಾವ ಅದಕ್ಕೆ “ಪಾಠದ ಪುಸ್ತಕಕ್ಕೆ ಹಾಕಬಹುದು ಇದನ್ನ” ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಪಾಂಡವಪುರ ನಿಲ್ದಾಣದಲ್ಲಿ ಹಳಬರು ಯಾರಾದರೂ ಸಿಕ್ಕರೆ ಫ್ರೆಂಚ್ ರಾಕ್ಸ್ ಅನ್ನೋ ಹೆಸರು ಕೇಳಿ ನೋಡಿ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಪಡೆ ಬೀಡುಬಿಟ್ಟಿದ್ದಕ್ಕೆ ಊರಿಗೂ ನಿಲ್ದಾಣಕ್ಕೂ ಆ ಹೆಸರು ಅಂಟಿತ್ತು. ಆ ಹೆಸರಿನ ದಪ್ಪ ರಟ್ಟಿನ ಟಿಕೆಟ್ ಒಂದು ಸಿಕ್ಕರೆ ಸಾಕು ಅಂತ ನನ್ನ ಬಹಳ ದಿನದ ಆಸೆ. ಸಿಕ್ಕಿಲ್ಲ. ಬದಲಿಗೆ ಅಲ್ಲಿ ಒಬ್ಬರು ಬಿಸಿ ಬಿಸಿ ಕಡಲೆಕಾಯಿ ಮಾರ್ತಿದ್ದರು.

ಬ್ಯಾಡರಹಳ್ಳಿ, ಎಲಿಯೂರು ಕಡೆ ನಿಲ್ಲಲಿಲ್ಲ. ಮಂಡ್ಯದಲ್ಲಿ ಕಾಲುಸೇತುವೆ ಹತ್ತಿ ಒಂದಷ್ಟು ತೆಗೆದೆವು. ನಿಲ್ದಾಣ ಹೊಸದಾಗುತ್ತಿರೋ ಕಡೆ ಹೋದಾಗೆಲ್ಲ ನಾನು ಮೊದಲು ನೋಡೋದು ಮೂಲೆಯಲ್ಲಿ ರಾಶಿ ಹಾಕಿರೋ ಹಳೇ ಕಬ್ಬಿಣ. ಅಲ್ಲಿ ಹತ್ತು ನಿಮಿಷ ನಿಂತರೆ ಗೊತ್ತಾಗುತ್ತೆ ಏನೇನು ಹೋಗ್ತಿದೆ ಅಂತ. ಕಬ್ಬಿಣದ ಬೆಂಚಿನ ಕಾಲು, ಮರದ ಕಿಟಕಿ ಚೌಕಟ್ಟು, ಮಂಗಳೂರು ಹೆಂಚು, ದೀಪದ ಕೊಕ್ಕೆ. ಹೊಸ ನಿಲ್ದಾಣ ಬೇಡ ಅಂತ ನಾನು ಹೇಳಲ್ಲ. ಮಳೆಗೆ ನೆನೆಯದೆ ನಿಲ್ಲೋಕೆ ಚಾವಣಿ, ವಯಸ್ಸಾದವರಿಗೆ ಲಿಫ್ಟು ಬೇಕೇ ಬೇಕು. ಕೀಳೋಕೆ ಮುಂಚೆ ಒಬ್ಬರು ಒಂದು ಮಧ್ಯಾಹ್ನ ಮೊಬೈಲ್ ಹಿಡಿದು ನಾಲ್ಕೂ ಕಡೆ ಫೋಟೊ ತೆಗೆದಿಟ್ಟರೆ ಯಾರ ಗಂಟು ಹೋಗುತ್ತೆ ಅನ್ನೋದಷ್ಟೇ ನನ್ನ ಪ್ರಶ್ನೆ.

ಮದ್ದೂರಿಗೆ ಬರೋ ಹೊತ್ತಿಗೆ ಭಾವನ ಮುಖ ಅರಳಿತ್ತು. ಕಾರಣ ಹೇಳಬೇಕಾಗಿಲ್ಲ. 1917ರಲ್ಲಿ ಇಲ್ಲಿನ ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುದ್ಯ ಅವರು ಮಾಡಿದ್ದೇ ಮದ್ದೂರು ವಡೆ ಅಂತ ಎಲ್ಲರೂ ಹೇಳೋ ಕಥೆ. ಗಾಡಿ ಹೊರಡೋಕೆ ಮುಂಚೆ ಬೇಗ ಆಗಬೇಕು, ಅದಕ್ಕೆ ತಟ್ಟಿದ್ದು ತೆಳ್ಳಗೆ, ಕರಿದಿದ್ದು ಗರಿಗರಿ. ಅಂದರೆ ಆ ವಡೆ ಕೂಡ ರೈಲ್ವೆಯ ಪಳೆಯುಳಿಕೆಯೇ. ಹಾಗಂತ ಹೇಳಿ ತಟ್ಟೆಯ ಫೋಟೊ ತೆಗೆದೆ. ಭಾವ ಕಾಯಲಿಲ್ಲ, ಚಿತ್ರದಲ್ಲಿ ಒಂದು ವಡೆ ಅರ್ಧ ಇದೆ.

ಊಟ ಆದಮೇಲೆ ಶಿಂಷಾ ನದಿ ಹತ್ತಿರ. ರೈಲು ಸೇತುವೆ ಕಡೆ ಹುಡುಗರ ಗುಂಪೊಂದು ಹಳಿ ಮೇಲೆ ಕೂತು ಸೆಲ್ಫಿ ತೆಗೀತಿತ್ತು. ಭಾವನೊಳಗಿನ ಮೇಷ್ಟ್ರು ಎದ್ದರು. “ಏಯ್, ಇಳೀರ್ರೋ ಕೆಳಗೆ, ಯಾವ ಸ್ಕೂಲೋ ನಿಮ್ದು?” ಹುಡುಗರು ಓಡಿದರು. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅಪ್ಪಣೆ ಇಲ್ಲದೆ ಹಳಿ ದಾರಿಗೆ ನುಗ್ಗಿದರೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಕಾನೂನು ಬಿಡಿ, ವಿದ್ಯುತ್ ಎಂಜಿನ್ ಬರೋದು ಹತ್ತಿರ ಬರೋವರೆಗೂ ಕೇಳಿಸೋದೇ ಇಲ್ಲ. ಪ್ಲಾಟ್‌ಫಾರ್ಮ್, ಕಾಲುಸೇತುವೆ, ಗೇಟಿನ ಆಚೆ, ನದಿ ದಂಡೆ. ಬೇಕಾದ ಫೋಟೊ ಎಲ್ಲ ಇಲ್ಲಿಂದಲೇ ಸಿಗುತ್ತೆ, ಸಿಗದೇ ಇದ್ದರೆ ಬೇಡ.

ಭಾನುವಾರ, ಅಕ್ಕಿಹೆಬ್ಬಾಳು

ಇವತ್ತು ಸ್ಕೂಟರ್ ಇಲ್ಲ. ಹಾಸನದ ಕಡೆ ಹೋಗೋ ಪ್ಯಾಸೆಂಜರ್. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಮೈಸೂರು ಸಂಸ್ಥಾನ ತಾನೇ ಮುಂದೆ ನಿಂತು ಕಟ್ಟಿಸಿದ ದಾರಿ ಇದು, ಮೈಸೂರಿಂದ ಹಾಸನದ ಮೇಲೆ ಅರಸೀಕೆರೆಗೆ. ಬೆಳಗೊಳ ದಾಟಿ, ಸಾಗರಕಟ್ಟೆ ಹತ್ತಿರ ಕನ್ನಂಬಾಡಿ ಹಿನ್ನೀರು. ಗಾಡಿ ಸೇತುವೆ ಮೇಲೆ ಬಂದ ಕೂಡಲೇ ಬೋಗಿಯಲ್ಲಿದ್ದವರೆಲ್ಲ, ದಿನಾ ಓಡಾಡೋರೂ ಸೇರಿ, ಒಂದು ಸಲ ಕಿಟಕಿ ಕಡೆ ತಿರುಗಿದರು. ನೀರು ಎಷ್ಟಿದೆ ಅಂತ ನೋಡೋದು. ಮಂಡ್ಯ, ಮೈಸೂರಿನವರಿಗೆ ಅದು ಬರೀ ನೋಟ ಅಲ್ಲ, ಲೆಕ್ಕ.

ಕೆ.ಆರ್. ನಗರ, ಹೊಸ ಅಗ್ರಹಾರ ಆಗಿ ಅಕ್ಕಿಹೆಬ್ಬಾಳು. ಮಂಡ್ಯ ಜಿಲ್ಲೆ ಕೆ.ಆರ್. ಪೇಟೆ ತಾಲ್ಲೂಕು, ಹೇಮಾವತಿ ದಂಡೆಯ ಊರು. ಇಳಿದವರು ಬೆರಳೆಣಿಕೆಯಷ್ಟು ಜನ. ಹಳದಿ ಬೋರ್ಡು, ಮೂರು ಭಾಷೆಯಲ್ಲಿ ಹೆಸರು, ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಅಂತ ಬರೆದದ್ದು. ಈ ಎತ್ತರ ಯಾಕೆ ಬರೀತಾರೆ ಅಂತ ಭಾವ ಕೇಳಿದರು. ದಾರಿ ಅಳೆದು ಹಳಿ ಹಾಕೋರಿಗೂ, ಮುಂದೆ ಏರು ಇದೆಯೋ ಇಳುಕಲೋ ಅಂತ ಎಂಜಿನ್ ಓಡಿಸೋರಿಗೂ ಅದು ಬೇಕಿತ್ತು. ಈಗ ಅಭ್ಯಾಸಕ್ಕೆ ಉಳಿದಿದೆ.

ಮರದ ಕೆಳಗೆ ಹಿರಿಯರೊಬ್ಬರು ಕೂತಿದ್ದರು. ನಾನು ಬಗ್ಗಿ ಬಗ್ಗಿ ಕಂಬ ನೋಡೋದನ್ನ ಗಮನಿಸಿ “ಅದ್ರಲ್ಲಿ ಏನೈತೆ ಸ್ವಾಮಿ?” ಅಂದರು. ಹೇಳಿದೆ. ಅವರು ನಕ್ಕು, “ನಾನು ಇದೇ ಲೈನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದೆ ಕಣಪ್ಪ, ಮೀಟರ್ ಗೇಜ್ ಕಾಲ್ದಾಗೆ” ಅಂದರು. ಪಾಯಿಂಟ್ಸ್‌ಮನ್ ಅಂದರೆ ನಿಲ್ದಾಣದಲ್ಲಿ ಹಳಿ ತಿರುಗಿಸಿ ಗಾಡಿಗೆ ದಾರಿ ಮಾಡಿಕೊಡೋರು. ಆಮೇಲೆ ನಮ್ಮ ಕೆಲಸ ನಿಂತೇ ಹೋಯಿತು. ಅಲ್ಲ, ಕೆಲಸ ಶುರುವಾಯಿತು ಅನ್ನಬೇಕು.

ನಾನು ಟೋಕನ್ ಬಗ್ಗೆ ಕೇಳಿದೆ. ಒಂಟಿ ಹಳಿ ದಾರಿಯಲ್ಲಿ ಎದುರುಬದುರು ಗಾಡಿ ಬರಬಾರದು. ಅದಕ್ಕೆ ಎರಡು ನಿಲ್ದಾಣದಲ್ಲೂ ಒಂದೊಂದು ಯಂತ್ರ, ಅದರೊಳಗೆ ಲೋಹದ ಗುಂಡು, ಅದೇ ಟೋಕನ್. ಎರಡು ಯಂತ್ರಕ್ಕೂ ತಂತಿ ಸಂಪರ್ಕ. ಆಚೆ ನಿಲ್ದಾಣದವರು ಒಪ್ಪಿಗೆ ಕೊಟ್ಟರೆ ಮಾತ್ರ ಈಚೆ ಒಂದು ಗುಂಡು ಹೊರಗೆ ಬರುತ್ತೆ. ಅದು ಹೊರಗಿರೋವರೆಗೂ ಎರಡು ಕಡೆಯೂ ಇನ್ನೊಂದು ಬರೋದಿಲ್ಲ. ಡ್ರೈವರ್ ಕೈಗೆ ಆ ಗುಂಡು ಸಿಕ್ಕರೆ ದಾರಿ ಅವನದ್ದು, ಮುಂದಿನ ನಿಲ್ದಾಣದಲ್ಲಿ ಅದನ್ನ ಯಂತ್ರಕ್ಕೆ ಹಾಕಿದಾಗಲೇ ದಾರಿ ಮತ್ತೆ ಬಿಡುಗಡೆ. ಇಷ್ಟು ನನಗೂ ಗೊತ್ತಿತ್ತು. ಕೈಯಿಂದ ಕೈಗೆ ಹೋಗೋದು ಹೇಗೆ ಅನ್ನೋದು ಅವರು ತೋರಿಸಿದರು.

ಗುಂಡನ್ನ ಚರ್ಮದ ಚೀಲದಲ್ಲಿ ಹಾಕಿ, ಚೀಲವನ್ನ ಬೆತ್ತದ ದೊಡ್ಡ ಬಳೆಗೆ ಕಟ್ಟಿರುತ್ತೆ. ನಿಲ್ಲದೆ ಹೋಗೋ ಗಾಡಿಗೆ ಪಾಯಿಂಟ್ಸ್‌ಮನ್ ಆ ಬಳೆಯನ್ನ ಎತ್ತಿ ಹಿಡಿದು ನಿಲ್ಲಬೇಕು. ಅಲ್ಲೇ ಒಬ್ಬ ಹುಡುಗ ಹಳೇ ಸೈಕಲ್ ಟೈರು ಓಡಿಸಿಕೊಂಡು ಆಡ್ತಿದ್ದ. ಹಿರಿಯರು “ಕೊಡ್ಲಾ ಇಲ್ಲಿ” ಅಂತ ಅದನ್ನ ಈಸಿಕೊಂಡರು. ಎದ್ದು ನಿಂತರು. ಎಡಗಾಲು ಹಿಂದೆ, ಮೈ ಸ್ವಲ್ಪ ಓರೆ, ಟೈರಿನ ಕೆಳತುದಿಯನ್ನ ಎರಡೇ ಬೆರಳಲ್ಲಿ ಸಡಿಲವಾಗಿ ಹಿಡಿದು ಕೈ ಮೇಲಕ್ಕೆತ್ತಿದರು. “ಬಿಗಿಯಾಗಿ ಹಿಡ್ಕೊಂಡ್ರೆ ಗಾಡಿ ನಿನ್ನೂ ಎಳ್ಕೊಂಡು ಹೋಯ್ತದೆ. ಬಳೆ ಅವನ ತೋಳಿಗೆ ಸಿಕ್ತು ಅನ್ನೋ ಹೊತ್ಗೆ ನಿನ್ ಬೆರಳು ಬುಟ್ಬುಟ್ಟಿರ್ಬೇಕು.” ಫೈರ್‌ಮನ್ ಎಂಜಿನ್ನಿಂದ ಬಗ್ಗಿ ತೋಳು ಮಡಚಿ ಬಳೆಯೊಳಗೆ ತೂರಿಸುತ್ತಾನೆ, ಅದೇ ಗಳಿಗೆಗೆ ಹಿಂದಿನ ನಿಲ್ದಾಣದ ಬಳೆಯನ್ನ ಕೆಳಗೆ ಎಸೆಯುತ್ತಾನೆ. ಅದು ಎಲ್ಲಿ ಬೀಳುತ್ತೋ ಹೇಳೋಕಾಗಲ್ಲ, ಕತ್ತಲಲ್ಲಿ ಲಾಟೀನು ಹಿಡಿದು ಬೇಲಿ ಗಿಡದಲ್ಲಿ ಹುಡುಕಬೇಕು. ಅದು ಸಿಕ್ಕಿ ಯಂತ್ರಕ್ಕೆ ಬೀಳೋ ತನಕ ಇನ್ನೊಂದು ಗಾಡಿ ಬಿಡೋ ಹಾಗಿಲ್ಲ. “ಮಳೇಲಿ ಒಂದ್ ಸಲ ಚರಂಡಿಗೆ ಬಿದ್ದಿತ್ತು. ಮಾಸ್ಟರು ಪಂಚೆ ಎತ್ತಿ ಕಟ್ಟಿ ಅವರೂ ಇಳಿದರು.”

ನಾನು ಅಷ್ಟೂ ಹೊತ್ತು ಅವರ ಕೈ ಫೋಟೊ ತೆಗೀತಿದ್ದೆ. ಮುಖಕ್ಕಿಂತ ಕೈ. ಟೈರು ಹಿಡಿದ ಆ ಎರಡು ಬೆರಳು, ಬಿಡೋ ಗಳಿಗೆಯಲ್ಲಿ ಅವು ತೆರೆದುಕೊಳ್ಳೋ ರೀತಿ. ಗುಂಡು, ಬಳೆ, ಯಂತ್ರ ಎಲ್ಲ ಎಲ್ಲಾದರೂ ಗಾಜಿನ ಪೆಟ್ಟಿಗೆಯಲ್ಲಿ ಸಿಗುತ್ತವೆ. ಹಿಡಿಯೋ ರೀತಿ ಈ ಹಿರಿಯರ ಹತ್ತಿರ ಮಾತ್ರ ಇದೆ. ಭಾವ ಮೊಬೈಲಲ್ಲಿ ವಿಡಿಯೊ ಮಾಡಿಕೊಂಡರು, ಕೇಳದೆಯೇ. ಹುಡುಗ ತನ್ನ ಟೈರು ಯಾವಾಗ ವಾಪಸ್ ಬರುತ್ತೆ ಅಂತ ಕಾಯುತ್ತಾ ನಿಂತಿದ್ದ.

ಆಮೇಲೆ ಅವರೇ ಕರೆದುಕೊಂಡು ಹೋಗಿ ತೋರಿಸಿದ್ದು ಒಂದು ಕಬ್ಬಿಣದ ಗೂಟ, ತುದಿಯಲ್ಲಿ ಸಣ್ಣ ರಾಟೆ, ಅರ್ಧ ಮಣ್ಣಲ್ಲಿ ಹೂತಿದೆ. ನಾನಾಗಿದ್ದರೆ ದಾಟಿಕೊಂಡು ಹೋಗುತ್ತಿದ್ದೆ. ನಿಲ್ದಾಣದ ಲೀವರ್ ಎಳೆದರೆ ತಂತಿ ಇಂಥ ರಾಟೆಗಳ ಮೇಲೆ ಹಾದು ಹೋಗಿ ದೂರದ ಕೈಕಂಬದ, ಅಂದರೆ ಹಳೇ ಸಿಗ್ನಲ್ ಕಂಬದ, ತೋಳನ್ನ ಎಳೆಯುತ್ತಿತ್ತು. ಬೇಸಿಗೆಯಲ್ಲಿ ತಂತಿ ಹಿಗ್ಗಿ ತೋಳು ಪೂರ್ತಿ ವಾಲುತ್ತಿರಲಿಲ್ಲವಂತೆ, ದಿನಾ ಬಿಗಿ ಮಾಡಬೇಕಿತ್ತಂತೆ. ಒಂದನೇ ಕ್ಲಾಸಿನ ಹುಡುಗನಿಗೆ ಹೇಳಿಕೊಟ್ಟ ಹಾಗೆ ಭಾವನಿಗೆ ಇದನ್ನೆಲ್ಲ ಎರಡೆರಡು ಸಲ ವಿವರಿಸಿದರು. ರಾಟೆಗೆ ಟಾರ್ಚ್ ಹಿಡಿದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ನಾಲ್ಕೂ ಕಡೆಯಿಂದ ತೆಗೆದೆ.

ವಾಪಸ್ ಗಾಡಿಯಲ್ಲೇ ಕೂತು ಫೋಟೊಗಳಿಗೆ ಹೆಸರು ಹಾಕಿದೆ. ನನ್ನ ಪದ್ಧತಿ ಸರಳ. ಮೊದಲು ನಿಲ್ದಾಣ, ಆಮೇಲೆ ದಿನಾಂಕ, ನಾನು ನಿಂತಿದ್ದ ದಿಕ್ಕು, ಕೊನೆಗೆ ವಸ್ತು. ಅಕ್ಷರ ಏನಾದರೂ ಓದಿದ್ದರೆ ಕಂಡಷ್ಟನ್ನೇ ಬರೆಯೋದು, ಕಾಣದ ಅಂಕಿಗೆ ಚುಕ್ಕೆ. ಊಹೆ ಮಾಡಿ ತುಂಬಿಸಬಾರದು.

ಹಿರಿಯರು ಹೊರಡುವಾಗ ಒಂದು ಮಾತು ಕೇಳಿದ್ದರು. ಕೆಲಸದಲ್ಲಿದ್ದಾಗಿನ ತಮ್ಮ ಫೋಟೊ ಒಂದೂ ಇಲ್ಲವಂತೆ, ಬಳೆ ಹಿಡಿದು ನಿಂತದ್ದು. ಆಗ ಯಾರ ಹತ್ತಿರ ಕ್ಯಾಮೆರಾ ಇತ್ತು? ನಿಮ್ಮ ಮನೆಯಲ್ಲಿ ಯಾರಾದರೂ ಮೈಸೂರು–ಹಾಸನ ಲೈನಿನಲ್ಲಿ ಮೀಟರ್ ಗೇಜ್ ಕಾಲದಲ್ಲಿ ಕೆಲಸ ಮಾಡಿದ್ದರೆ, ಇಲ್ಲ ಮದುವೆ ದಿಬ್ಬಣಕ್ಕೆ ಅಂತ ಆ ನಿಲ್ದಾಣಗಳಲ್ಲಿ ನಿಂತು ಫೋಟೊ ತೆಗೆಸಿಕೊಂಡಿದ್ದರೆ, ಆಲ್ಬಮ್ ತೆಗೆದು ಒಂದು ಸಲ ನೋಡಿ. ಮದುಮಗಳ ಹಿಂದೆ ಪಾಯಿಂಟ್ಸ್‌ಮನ್ ಒಬ್ಬರು ನಿಂತಿರಬಹುದು. ಚಾಮರಾಜನಗರದ ಕಡೆ ಇನ್ನೂ ಬಾಕಿ ಇದೆ, ಮುಂದಿನ ರಜೆಗೆ ಹೋಗೋದು. ಭಾವ ಈಗಲೇ ಅಲ್ಲಿ ತಿಂಡಿ ಎಲ್ಲಿ ಚೆನ್ನಾಗಿರುತ್ತೆ ಅಂತ ವಿಚಾರಿಸ್ತಿದ್ದಾರೆ, ಗೊತ್ತಿದ್ದರೆ ಅದನ್ನೂ ತಿಳಿಸಿ.